ಬೆರಳು ಅದೇ, ಶೇಕಡಾ ಬೇರೆ: ಕೆಲಸದಲ್ಲಿ ಗಾಯಗೊಂಡವರ ಪರಿಹಾರ ಎಲ್ಲಿ ಕರಗುತ್ತದೆ

ಹತ್ತು ಜನರೂ ಇಲ್ಲದ, ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರದ ಒಂದು ಸಣ್ಣ ವರ್ಕ್‌ಶಾಪ್. ಅಲ್ಲಿ ಪ್ರೆಸ್ ಮೆಷಿನ್ ನಡೆಸುವ ಮೂವತ್ತು ವರ್ಷದವರೊಬ್ಬರ ಬಲಗೈ ಹೆಬ್ಬೆರಳು ಡೈ (ಲೋಹ ಒತ್ತುವ ಅಚ್ಚು) ನಡುವೆ ಸಿಕ್ಕಿತು ಎಂದುಕೊಳ್ಳೋಣ. ಸಂಬಳ ತಿಂಗಳಿಗೆ 15,000 ರೂಪಾಯಿ. ನೌಕರರ ಪರಿಹಾರ ಕಾಯ್ದೆಯ ಪ್ರಕಾರ ಆ ಸಂಬಳದ ಶೇ 60, ಅಂದರೆ 9,000 ರೂಪಾಯಿಯನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಮೂವತ್ತು ವರ್ಷಕ್ಕೆ ಗುಣಕ 207.98. ಬರುವ ಮೊತ್ತ 18,71,820 ರೂಪಾಯಿ. ದುಡಿಯುವ ಶಕ್ತಿ ಪೂರ್ತಿ ಹೋದವರಿಗೆ ಸಿಗುವುದು ಇಷ್ಟು. ಉಳಿದವರಿಗೆ ಎಷ್ಟು ಶೇಕಡಾ ನಷ್ಟವೋ ಅಷ್ಟು ಪಾಲು.

ಹೆಬ್ಬೆರಳು ಬುಡದವರೆಗೆ ತುಂಡಾಗಿದ್ದರೆ ಕಾಯ್ದೆಯ ಮೊದಲ ಅನುಸೂಚಿಯೇ ಶೇ 30 ಎಂದು ಬರೆದಿಟ್ಟಿದೆ. 5,61,546 ರೂಪಾಯಿ, ಚರ್ಚೆಯೇ ಇಲ್ಲ. ಆದರೆ ಬೆರಳು ಉಳಿದು, ಮೂಳೆ ಕೂಡಿ, ಗೆಣ್ಣು ಮಾತ್ರ ಮಡಿಸಲಾಗದಂತೆ ಸೆಟೆದು ನಿಂತಿದ್ದರೆ? ಆಗ ಅನುಸೂಚಿಯಲ್ಲಿ ನೇರ ಉತ್ತರವಿಲ್ಲ. ನೋಂದಾಯಿತ ವೈದ್ಯರು ಗಳಿಕೆ ಸಾಮರ್ಥ್ಯದ ನಷ್ಟ ಎಷ್ಟೆಂದು ಹೇಳಬೇಕು. ಒಬ್ಬರು ಶೇ 10 ಎಂದರೆ 1,87,182 ರೂಪಾಯಿ. ಇನ್ನೊಬ್ಬರು, ಈ ಬೆರಳು ಹಿಡಿತಕ್ಕೆ ಸಂಪೂರ್ಣ ನಿರುಪಯುಕ್ತ ಎಂದು ಕಾರಣ ಸಮೇತ ತೋರಿಸಿದರೆ ಮತ್ತೆ 5,61,546 ರೂಪಾಯಿ. ಅನುಸೂಚಿಯ ಕೊನೆಯ ಟಿಪ್ಪಣಿ ಸ್ಪಷ್ಟವಾಗಿದೆ: ಅಂಗದ ಬಳಕೆ ಪೂರ್ತಿಯಾಗಿ, ಶಾಶ್ವತವಾಗಿ ಹೋದರೆ ಅದು ಅಂಗವೇ ಹೋದದ್ದಕ್ಕೆ ಸಮ.

ಒಂದೇ ಬೆರಳಿಗೆ ಮೂರೂಮುಕ್ಕಾಲು ಲಕ್ಷದ ಅಂತರ ಬರುವುದು ಕಾನೂನಿನ ತೊಡಕಿನಿಂದಲ್ಲ. ವೈದ್ಯರು ದೇಹವನ್ನು ಅಳೆಯುತ್ತಾರೆ, ಕೆಲಸವನ್ನು ಅಳೆಯುವುದಿಲ್ಲ. ಕಾರ್ಮಿಕರು ಸಾಕ್ಷಿಕಟ್ಟೆಯಲ್ಲಿ ನೋವಿನ ಬಗ್ಗೆ ಮಾತಾಡುತ್ತಾರೆ, ತಮ್ಮ ಕೆಲಸ ಹೇಗೆ ನಡೆಯುತ್ತಿತ್ತು ಎಂದು ಹೇಳುವುದಿಲ್ಲ. ಈ ಎರಡು ಸಾಕ್ಷ್ಯಗಳು ಒಂದಕ್ಕೊಂದು ಕೂಡದ ಜಾಗದಲ್ಲಿ ಪರಿಹಾರ ಕರಗುತ್ತದೆ.

ಮೊದಲು ಕಾನೂನಿನ ಈಗಿನ ಸ್ಥಿತಿ. 1923ರ ಈ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಬಂದಿದೆ. ಅದಕ್ಕೂ ಮುಂಚಿನ ಅಪಘಾತಗಳ ದೊಡ್ಡ ರಾಶಿಯೇ ಹಳೆಯ ಕಾಯ್ದೆಯಡಿ ವಿಚಾರಣೆಯಲ್ಲಿದೆ. ಬೇರೆ ಹೇಳದ ಕಡೆ ಮುಂದೆ ಬರುವ ಕಲಮುಗಳು ಈ ಹಳೆಯ ಕಾಯ್ದೆಯವೇ. ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಪರಿಹಾರ ಕಮಿಷನರ್ ಆಗಿ ಈ ಅರ್ಜಿಗಳನ್ನು ಕೇಳುತ್ತ ಬಂದಿದ್ದಾರೆ. ಹೊಸ ಸಂಹಿತೆ ಆ ಸ್ಥಾನಕ್ಕೆ ‘ಸಕ್ಷಮ ಪ್ರಾಧಿಕಾರ’ ಎಂಬ ಹೆಸರಿಟ್ಟಿದೆ. ಮನೆಯಿಂದ ಕೆಲಸಕ್ಕೆ ಹೋಗುವ, ಬರುವ ದಾರಿಯ ಅಪಘಾತವನ್ನೂ ಸಮಯ, ಸ್ಥಳ, ಸನ್ನಿವೇಶಗಳ ಸಂಬಂಧ ಸಾಬೀತಾದರೆ ಒಳಗೊಳ್ಳುತ್ತದೆ. ಆದರೆ ಲೆಕ್ಕದ ತಿರುಳು ಬದಲಾಗಿಲ್ಲ: ಸಂಬಳ, ವಯಸ್ಸು, ಶೇಕಡಾ. ಅರ್ಜಿಯ ಗಡುವಿನ ವಿಷಯದಲ್ಲಿ ಹಳೆಯ ಕಾಯ್ದೆಯ ಎರಡು ವರ್ಷವನ್ನೇ ಕಣ್ಣ ಮುಂದಿಟ್ಟುಕೊಳ್ಳುವುದು ಕ್ಷೇಮ.

ಇಎಸ್‌ಐ ಇರುವವರ ದಾರಿ ಬೇರೆ. ಹಳೆಯ ಇಎಸ್‌ಐ ಕಾಯ್ದೆಯ 53ನೇ ಕಲಮಿನಿಂದಾಗಿ ಅವರು ಇಲ್ಲಿ ಅರ್ಜಿ ಹಾಕುವಂತಿಲ್ಲ. ಅವರ ಶೇಕಡಾವನ್ನು ಇಎಸ್‌ಐ ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ. ಆದರೂ ಮಂಡಳಿಯ ಮುಂದೆ ಕೂರುವವರಿಗೂ ಮುಂದೆ ಬರುವ ವೈದ್ಯಕೀಯ ಸಂಗತಿಗಳು ಹೆಚ್ಚುಕಡಿಮೆ ಹಾಗೇ ಅನ್ವಯಿಸುತ್ತವೆ.

ಈಗ ಶೇಕಡಾದ ಒಳಹೊಕ್ಕು ನೋಡೋಣ. ವೈದ್ಯರ ಪ್ರಮಾಣಪತ್ರದಲ್ಲಿ ಮೂರು ಬಗೆಯ ಶೇಕಡಾ ಇರಬಹುದು. ಆ ಕೈ ಅಥವಾ ಕಾಲಿಗೆ ಮಾತ್ರ ಆದ ಊನ ಒಂದು. ಅದನ್ನು ಇಡೀ ದೇಹಕ್ಕೆ ಇಳಿಸಿದ್ದು ಇನ್ನೊಂದು. ಗಳಿಕೆ ಸಾಮರ್ಥ್ಯದ ನಷ್ಟ ಮೂರನೆಯದು. ಸರ್ಕಾರದ ಅಂಗವೈಕಲ್ಯ ಮಾರ್ಗಸೂಚಿ ಹಿಡಿದು ಲೆಕ್ಕ ಹಾಕುವ ವೈದ್ಯರು ಮೊದಲ ಎರಡನ್ನು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿಯ) ಮೇಲಿರುವುದೂ ದೈಹಿಕ ಊನವೇ. ಕಾಯ್ದೆ ಕೇಳುವುದು ಮೂರನೆಯದನ್ನು.

ಮೋಟಾರು ಅಪಘಾತದ ಮೊಕದ್ದಮೆಗಳಲ್ಲಿ ಕಾಲಿನ ಊನದ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನವೆಂದು ಹಿಡಿಯುವ ರೂಢಿ ನಮ್ಮ ನ್ಯಾಯಾಲಯಗಳಲ್ಲಿ ಬೇರುಬಿಟ್ಟಿದೆ. ಅದೇ ಅಳತೆಯನ್ನು, ಮಾಲೀಕರ ಪರವಾಗಿ ಪರಿಹಾರ ತುಂಬಬೇಕಾದ ವಿಮಾ ಕಂಪನಿಯ ವಕೀಲರು ಇಲ್ಲಿಗೂ ತರುತ್ತಾರೆ: ಕಾಲಿಗೆ ಶೇ 36 ಎಂದಿದ್ದೀರಿ, ಹಾಗಾದರೆ ದೇಹಕ್ಕೆ ಶೇ 12, ಅಷ್ಟೇ ತಾನೆ? ವೈದ್ಯರು ಹೌದೆಂದರೆ ಕಾರ್ಮಿಕರ ಪಾಲಿಗೆ ಮೊತ್ತದ ಮೂರನೇ ಎರಡು ಭಾಗ ಹೋಯಿತು. ನನ್ನ ಮಟ್ಟಿಗೆ ಇದು ಈ ಮೊಕದ್ದಮೆಗಳ ಅತಿ ದೊಡ್ಡ ಅನ್ಯಾಯ, ಏಕೆಂದರೆ ಕಾಯ್ದೆಯ 4ನೇ ಕಲಮು ಇಡೀ ದೇಹದ ಮಾತನ್ನೇ ಆಡಿಲ್ಲ. ಅನುಸೂಚಿಯ ಶೇಕಡಾಗಳನ್ನು ಗಮನದಲ್ಲಿಟ್ಟುಕೊಂಡು ಗಳಿಕೆ ಸಾಮರ್ಥ್ಯದ ನಷ್ಟವನ್ನು ಹೇಳಿ ಎಂದಷ್ಟೇ ಅದು ವೈದ್ಯರಿಗೆ ಸೂಚಿಸುತ್ತದೆ. ಅನುಸೂಚಿಯಲ್ಲಿ ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಕಿರುಬೆರಳಿಗೆ 7, ನಾಲ್ಕು ಬೆರಳೂ ಹೋದರೆ 50. ಇವೆಲ್ಲ ನೇರವಾಗಿ ಗಳಿಕೆಯ ನಷ್ಟದ ಅಂಕಿಗಳು. ಇವನ್ನು ಮತ್ತೆ ಮೂರರಿಂದ ಭಾಗಿಸುವಂತಿಲ್ಲ.

ಅನುಸೂಚಿ ಮೇಲ್ಮಿತಿಯೂ ಅಲ್ಲ. ಸಿನಿಮಾ ಮಂದಿರವೊಂದರ ಅಲಂಕಾರದ ಕೆಲಸದಲ್ಲಿದ್ದಾಗ ಬಿದ್ದು ಎಡಗೈ ಕಳೆದುಕೊಂಡ ಬಡಗಿಯ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. 1976ರ ಕಾನೂನು ವರದಿಗಳಲ್ಲಿ ಬಂದ ಆ ತೀರ್ಪಿನಲ್ಲಿ ನಾಲ್ವರು ನ್ಯಾಯಮೂರ್ತಿಗಳು, ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಆದ್ದರಿಂದ ಇದು ಶೇ 100 ಎಂಬ ಕಮಿಷನರ್ ತೀರ್ಮಾನವನ್ನು ಒಪ್ಪಿದರು. ಕಾಯ್ದೆಯ ವ್ಯಾಖ್ಯಾನವೂ ಇದನ್ನೇ ಹೇಳುತ್ತದೆ: ಅಪಘಾತದ ಹೊತ್ತಿಗೆ ಆ ವ್ಯಕ್ತಿ ಯಾವ ಕೆಲಸ ಮಾಡಬಲ್ಲವನಾಗಿದ್ದನೋ ಅದನ್ನು ಈಗ ಮಾಡಬಲ್ಲನೇ ಎಂಬುದೇ ಪ್ರಶ್ನೆ. ಲಾರಿ ಚಾಲಕರ ಬಲಗಾಲಿನ ಪಾದದ ಕೀಲು ಮಡಿಯದಿದ್ದರೆ ಬ್ರೇಕ್ ತುಳಿಯುವುದು ಹೇಗೆ? ಅದೇ ಗಾಯ ಕೂತು ಲೆಕ್ಕ ಬರೆಯುವವರಿಗೆ ಆದರೆ ಶೇಕಡಾ ಖಂಡಿತ ಬೇರೆ.

ಇದನ್ನು ವೈದ್ಯರಿಗೆ ಮುಟ್ಟಿಸುವುದು ಕಾರ್ಮಿಕರ ಮತ್ತು ಅವರ ವಕೀಲರ ಹೊಣೆ. ಕೆಲಸದ ವಿವರವನ್ನು ಒಂದು ಪುಟದಲ್ಲಿ ಬರೆದುಕೊಂಡು ಪರೀಕ್ಷೆಗೆ ಹೋಗಬೇಕು. ಕೂಲಿ ಎಂದೋ ಡ್ರೈವರ್ ಎಂದೋ ಬರೆದರೆ ಸಾಲದು. ಗಾರೆ ಮೇಸ್ತ್ರಿಯಾಗಿದ್ದರೆ ಎಷ್ಟು ತೂಕದ ಬಾಣಲೆ ಎತ್ತಬೇಕಿತ್ತು, ಸಾರುವೆ ಹತ್ತಬೇಕಿತ್ತೇ, ದಿನದಲ್ಲಿ ಎಷ್ಟು ಗಂಟೆ ಕುಕ್ಕುರುಗಾಲಲ್ಲಿ ಕೂರಬೇಕಿತ್ತು, ಕರಣೆ ಯಾವ ಕೈಯಲ್ಲಿ ಹಿಡಿಯುತ್ತಿದ್ದರು. ಚಾಲಕರಾಗಿದ್ದರೆ ಎಷ್ಟು ಚಕ್ರದ ವಾಹನ, ರಾತ್ರಿ ಓಡಿಸುತ್ತಿದ್ದರೇ, ಟಾರ್ಪಾಲು ಬಿಗಿಯುವ, ಟೈರು ಬದಲಿಸುವ ಕೆಲಸವೂ ತಮ್ಮದೇ ಆಗಿತ್ತೇ. ಪ್ರಮಾಣಪತ್ರದಲ್ಲಿ ಈ ವಿವರಗಳಲ್ಲಿ ಎರಡು ಸಾಲು ಬಂದರೂ ಶೇಕಡಾಗೆ ಆಧಾರ ಸಿಕ್ಕಿತು.

ಪರೀಕ್ಷೆಗೆ ಹೋಗುವ ಸಮಯವೂ ಮುಖ್ಯ. ಮೂಳೆ ಕೂಡುವ ಮೊದಲೇ, ಫಿಸಿಯೋಥೆರಪಿ ಮುಗಿಯುವ ಮೊದಲೇ ಕೊಟ್ಟ ಶೇಕಡಾ ಶಾಶ್ವತ ಊನದ್ದಲ್ಲ. ಮುಂದೆ ಚೇತರಿಕೆಯಾಗಬಹುದಿತ್ತು ಎಂಬ ಒಂದೇ ಪ್ರಶ್ನೆಗೆ ಅದು ಬಿದ್ದುಹೋಗುತ್ತದೆ. ಒಳಗಿರುವ ರಾಡ್ ಅಥವಾ ಪ್ಲೇಟು ತೆಗೆಯಬೇಕಿದೆಯೇ, ತೆಗೆದರೆ ಸ್ಥಿತಿ ಬದಲಾಗುತ್ತದೆಯೇ ಎಂಬುದನ್ನು ವೈದ್ಯರು ಬರೆದಿರಬೇಕು. ಪರೀಕ್ಷೆಯ ದಿನದ ಹೊಸ ಎಕ್ಸ್-ರೇ ಇರಲೇಬೇಕು, ಜೊತೆಗೆ ಅಪಘಾತದ ದಿನದ ಹಳೆಯದೂ.

ಒಳ್ಳೆಯ ಪರೀಕ್ಷೆ ಹೇಗಿರುತ್ತದೆ ಎಂದು ತಿಳಿದಿದ್ದರೆ ಕೆಟ್ಟದ್ದನ್ನು ಗುರುತಿಸಬಹುದು. ಮೂಳೆ ತಜ್ಞರು ಕೋನಮಾಪಕ ಇಟ್ಟು ಕೀಲು ಎಷ್ಟು ಡಿಗ್ರಿ ಮಡಿಯುತ್ತದೆ, ಎಷ್ಟು ಚಾಚುತ್ತದೆ ಎಂದು ಅಳೆಯುತ್ತಾರೆ. ಸರಿಯಿರುವ ಬದಿಯನ್ನೂ ಅಳೆದು ಹೋಲಿಸುತ್ತಾರೆ. ತೊಡೆ, ಮೀನಖಂಡ, ತೋಳುಗಳ ಸುತ್ತಳತೆಯನ್ನು ಟೇಪಿನಿಂದ ಎರಡೂ ಬದಿ ತೆಗೆಯುತ್ತಾರೆ. ಬಳಸದ ಸ್ನಾಯು ಸೊರಗಿರುತ್ತದೆ. ನಟಿಸಿ ತೋರಿಸಲಾಗದ ಪುರಾವೆ ಅದು. ಕಾಲು ಗಿಡ್ಡವಾಗಿದೆಯೇ, ಹಿಡಿತದ ಬಲ ಎಷ್ಟು, ಸ್ಪರ್ಶ ತಿಳಿಯುತ್ತದೆಯೇ ಎಂದೆಲ್ಲ ನೋಡಿ ಅಂಕಿಗಳನ್ನು ಬರೆದಿಡುತ್ತಾರೆ. ‘ಚಲನೆ ಕಡಿಮೆಯಾಗಿದೆ, ನೋವಿದೆ, ಶೇ 40’ ಎಂದಷ್ಟೇ ಇರುವ ಪ್ರಮಾಣಪತ್ರ ಪಾಟೀ ಸವಾಲಿನಲ್ಲಿ (ಎದುರು ಪಕ್ಷದ ವಕೀಲರು ಕೇಳುವ ಪ್ರಶ್ನೆಗಳ ಮುಂದೆ) ಐದು ನಿಮಿಷವೂ ನಿಲ್ಲದು. ಇಂಥ ಧಾರಾಳ ಪ್ರಮಾಣಪತ್ರಗಳ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲಿ ಮೋಟಾರು ಅಪಘಾತದ ಮೊಕದ್ದಮೆಯೊಂದರಲ್ಲಿ ಎಚ್ಚರಿಸಿದೆ. ಅಂದಿನಿಂದ, ಚಿಕಿತ್ಸೆ ಕೊಡದ ವೈದ್ಯರು ಬರೆದ ಶೇಕಡಾವನ್ನು ನ್ಯಾಯಾಧೀಶರು ಅನುಮಾನದಿಂದಲೇ ನೋಡುತ್ತಾರೆ. ಚಿಕಿತ್ಸೆ ಕೊಟ್ಟವರೇ ಬರೆಯಬೇಕೆಂದು ಕಾಯ್ದೆ ಹೇಳಿಲ್ಲ. ಬೇರೆಯವರಾದರೆ, ಆಸ್ಪತ್ರೆಯ ಪೂರ್ತಿ ಕೇಸ್ ಶೀಟ್ ಅವರ ಕೈಯಲ್ಲಿತ್ತು, ಅದನ್ನು ಓದಿ ಬರೆದರು ಎಂಬುದಾದರೂ ದಾಖಲೆಯಲ್ಲಿರಲಿ.

ಪರೀಕ್ಷೆಯ ಮೇಜಿನ ಮೇಲೆ ಇಲ್ಲದ ನೋವನ್ನು ತೋರಿಸಲು ಹೋಗುವುದು ಬಹಳ ನಷ್ಟದ ಕೆಲಸ. ಕೀಲು ಮಡಿಸು ಎಂದಾಗ 40 ಡಿಗ್ರಿಗೆ ನಿಲ್ಲಿಸಿದವರು ಷೂ ಹಾಕಿಕೊಳ್ಳುವಾಗ 90 ಡಿಗ್ರಿ ಮಡಿಸಿದರೆ ಅನುಭವಿ ವೈದ್ಯರ ಕಣ್ಣಿಗೆ ಬೀಳುತ್ತದೆ. ಹಾಗೆಯೇ ಹಳೆಯ ಗಾಯ ಮುಚ್ಚಿಡಬಾರದು. ಮುಂಚೆ ಅದೇ ಮೊಣಕಾಲಿಗೆ ಪೆಟ್ಟಾಗಿದ್ದರೆ ಹೇಳಿ, ಆ ಪೆಟ್ಟಾದ ಮೇಲೂ ಎಷ್ಟು ವರ್ಷ ಪೂರ್ತಿ ಕೆಲಸ ಮಾಡಿದ್ದೆ ಎಂದೂ ಹೇಳಬೇಕು.

ಮಾಲೀಕರ ಕಡೆಯಿಂದ ಬರುವ ಪರೀಕ್ಷೆಯ ಕರೆಯನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಅಪಘಾತದ ನೋಟಿಸ್ ತಲುಪಿದ ಮೂರು ದಿನದೊಳಗೆ ಮಾಲೀಕರು ತಮ್ಮ ಖರ್ಚಿನಲ್ಲಿ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಲು ಮುಂದಾದರೆ, 11ನೇ ಕಲಮಿನ ಪ್ರಕಾರ ಕಾರ್ಮಿಕರು ಹೋಗಲೇಬೇಕು. ಸಕಾರಣವಿಲ್ಲದೆ ಒಲ್ಲೆನೆಂದರೆ ಒಲ್ಲೆನೆಂದಷ್ಟು ಕಾಲ ಪರಿಹಾರದ ಹಕ್ಕು ಅಮಾನತಿನಲ್ಲಿರುತ್ತದೆ. ಪರೀಕ್ಷೆಗೆ ಒಳಗಾಗದೆ ಊರಿಗೆ ಹೊರಟುಹೋದರೂ ಇದೇ ಗತಿ. ಕಲಬುರಗಿ, ರಾಯಚೂರು ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವರು ಪೆಟ್ಟಾದ ಕೂಡಲೇ ಊರು ಸೇರುವುದು ಸಹಜ. ಹೊರಡುವ ಮುನ್ನ ಮಾಲೀಕರಿಗೆ ಲಿಖಿತ ನೋಟಿಸ್ ಕೊಟ್ಟು, ಆ ಮೂರು ದಿನ ಕಾದು, ಊರಿನ ವಿಳಾಸ ಬರೆದುಕೊಟ್ಟು ಹೋಗುವುದು ಒಳ್ಳೆಯದು. ಹಕ್ಕುಗಳೂ ಇವೆ. ತಾತ್ಕಾಲಿಕ ಊನಕ್ಕೆ ಅರ್ಧ ತಿಂಗಳಿಗೊಮ್ಮೆ ಸಿಗುವ ಪಾವತಿ ಪಡೆಯುತ್ತಿರುವವರನ್ನು 1924ರ ನಿಯಮಗಳ ಪ್ರಕಾರ ಮೊದಲ ತಿಂಗಳಲ್ಲಿ ಎರಡಕ್ಕಿಂತ, ನಂತರ ತಿಂಗಳಿಗೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆಗೆ ಕರೆಯುವಂತಿಲ್ಲ. ಮಹಿಳೆಯ ಒಪ್ಪಿಗೆ ಇಲ್ಲದಿದ್ದರೆ, ಇನ್ನೊಬ್ಬ ಮಹಿಳೆ ಜೊತೆಗಿಲ್ಲದೆ ಆಕೆಯನ್ನು ಪುರುಷ ವೈದ್ಯರು ಪರೀಕ್ಷಿಸುವಂತಿಲ್ಲ.

ಇನ್ನು ಸಾಕ್ಷ್ಯದ ಮಾತು. ಅದು ನ್ಯಾಯಾಲಯದಲ್ಲಿ ಅಲ್ಲ, ಅಪಘಾತದ ದಿನ ಆಸ್ಪತ್ರೆಯ ತುರ್ತು ಕೊಠಡಿಯಲ್ಲೇ ಶುರುವಾಗಿರುತ್ತದೆ. ಗಾಯ ಹೇಗಾಯಿತೆಂದು ಡ್ಯೂಟಿ ಡಾಕ್ಟರ್ ಕೇಳುತ್ತಾರೆ. ಪೊಲೀಸ್ ರಗಳೆ ಬೇಡವೆಂದು ಗುತ್ತಿಗೆದಾರರ ಕಡೆಯವರು ‘ಮನೆಯಲ್ಲಿ ಬಿದ್ದರು’ ಎಂದು ಬರೆಸುತ್ತಾರೆ. ಎರಡು ವರ್ಷದ ನಂತರ ವಿಮಾ ಕಂಪನಿಯ ವಕೀಲರು ಮೊದಲು ತೆಗೆಯುವ ಕಾಗದ ಅದೇ. ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಮಾಡಿಸಿ, ಕೆಲಸದ ಜಾಗ, ಯಂತ್ರ, ಸಮಯ ಬರೆಸುವುದು ಮುಂದಿನ ಎಲ್ಲ ವಾದಕ್ಕಿಂತ ಬೆಲೆಯುಳ್ಳದ್ದು. ತಪ್ಪಾಗಿ ಬರೆದಾಗಿದ್ದರೆ, ಬರೆಸಿದವರಾರು ಎಂಬುದನ್ನು ಮುಖ್ಯ ವಿಚಾರಣೆಯ ಅಫಿಡವಿಟ್‌ನಲ್ಲೇ ಹೇಳಬೇಕು. ಪಾಟೀ ಸವಾಲಿನಲ್ಲಿ ಮೊದಲ ಸಲ ಹೇಳಿದರೆ ಅದು ಆಮೇಲೆ ಹೊಳೆದ ಕಥೆಯಾಗಿ ಕಾಣುತ್ತದೆ.

ಅಫಿಡವಿಟ್ ಅನ್ನು ವಕೀಲರು ಬರೆಯುತ್ತಾರೆ, ಸಹಿ ಕಾರ್ಮಿಕರದ್ದು. ಹಲವರು ಓದದೆ, ಓದಿಸಿಕೊಳ್ಳದೆ ಸಹಿ ಹಾಕುತ್ತಾರೆ. ಹಳೆಯ ಮೊಕದ್ದಮೆಯ ನಕಲಿನಿಂದ ‘ನಾನು ಯಾವ ಕೆಲಸವನ್ನೂ ಮಾಡಲಾರೆ’ ಎಂಬ ಸಾಲು ಹಾಗೇ ಬಂದಿರುತ್ತದೆ. ಪಾಟೀ ಸವಾಲು ಆ ಸಾಲನ್ನೇ ಹಿಡಿಯುತ್ತದೆ. ನಮ್ಮ ನ್ಯಾಯಾಲಯಗಳಲ್ಲಿ ಪ್ರಶ್ನೆಯೂ ಉತ್ತರವೂ ಬೆರೆತು ಸಾಕ್ಷಿಯ ಮಾತಾಗಿಯೇ ದಾಖಲಾಗುತ್ತವೆ. ಚಾಲಕರೊಬ್ಬರ ಹೇಳಿಕೆ ಹೀಗೆ ಸಾಗಬಹುದು: ‘ಅಪಘಾತದ ನಂತರ ನಾನು ಚಾಲನಾ ಪರವಾನಗಿಯನ್ನು ನವೀಕರಿಸಿಕೊಂಡಿದ್ದೇನೆ ಎಂದರೆ ಸರಿ. ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಕೊಟ್ಟಿದ್ದೇನೆ ಎಂದರೆ ಸರಿ. ನನಗೆ ಯಾವುದೇ ಊನವಾಗಿಲ್ಲ, ಈಗಲೂ ಲಾರಿ ಓಡಿಸುತ್ತಿದ್ದೇನೆ ಎಂದರೆ ಸರಿಯಲ್ಲ.’

ಮೊದಲ ಎರಡು ಉತ್ತರ ನಿಜವೇ. ಆದರೆ ಅಲ್ಲಿಗೇ ನಿಂತರೆ, ವಾಹನ ಓಡಿಸಲು ದೇಹ ಯೋಗ್ಯವಾಗಿದೆ ಎಂದು ಅವರೇ ಒಪ್ಪಿದಂತೆ ತೀರ್ಪಿನಲ್ಲಿ ಕಾಣಿಸಿಕೊಳ್ಳುತ್ತದೆ. ಪರವಾನಗಿ ಯಾಕೆ ನವೀಕರಿಸಿದಿರಿ, ಈಗ ಏನು ಕೆಲಸ ಮಾಡುತ್ತಿದ್ದೀರಿ ಎಂಬುದು ಅಫಿಡವಿಟ್‌ನಲ್ಲಿ ಮೊದಲೇ ಇದ್ದರೆ ಈ ಪ್ರಶ್ನೆಗಳ ಮೊನೆ ಮುರಿಯುತ್ತದೆ. ಹಗುರ ಕೆಲಸಕ್ಕೆ ಮರಳಿದ್ದರೆ ಅದನ್ನೂ ಹೇಳಬೇಕು: ಮುಂಚೆ ಹತ್ತು ಚಕ್ರದ ಲಾರಿ, ಈಗ ಊರೊಳಗೆ ಗೂಡ್ಸ್ ಆಟೋ, ದಿನಕ್ಕೆ ಇಷ್ಟು ಗಂಟೆ, ಇಷ್ಟು ಹಣ. ‘ಯಾವ ಕೆಲಸವನ್ನೂ ಮಾಡಲಾರೆ’ ಎಂದು ಬರೆಸಿ ಆಟೋದ ಫೋಟೊ ಎದುರಿಗೆ ಬಂದಾಗ ತಡವರಿಸುವುದಕ್ಕಿಂತ ಇದು ನೂರು ಪಾಲು ವಾಸಿ.

ಉಳಿದ ಪ್ರಶ್ನೆಗಳು ಹೆಚ್ಚಾಗಿ ನೌಕರಿ, ಸಂಬಳ, ವಯಸ್ಸಿನ ಸುತ್ತಲೇ. ಲಾರಿ, ಟ್ರ್ಯಾಕ್ಟರ್ ಮೊಕದ್ದಮೆಗಳಲ್ಲಿ ಮಾಲೀಕರು ನೌಕರಿಯನ್ನು ಒಪ್ಪಿಕೊಳ್ಳುತ್ತಾರೆ, ವಿಮಾ ಕಂಪನಿ ಮಾತ್ರ ಇಬ್ಬರೂ ಸೇರಿಕೊಂಡಿದ್ದೀರಿ ಎನ್ನುತ್ತದೆ. ಮಾಲೀಕರು ಸಂಬಂಧಿಕರಾದರಂತೂ ಮುಗಿಯಿತು. ಟ್ರಿಪ್ ಶೀಟ್, ಸರಕಿನ ಚಲನ್, ಬ್ಯಾಂಕಿಗೆ ಬಂದ ಹಣ, ಫೋನ್‌ಪೇ ದಾಖಲೆ, ಎಫ್‌ಐಆರ್‌ನಲ್ಲಿ ಚಾಲಕರೆಂದು ಬರೆದ ಹೆಸರು, ಇಂಥವು ಮಾಲೀಕರ ಪತ್ರಕ್ಕಿಂತ ಗಟ್ಟಿ. ಸಂಬಳ ಎಷ್ಟೇ ಇದ್ದರೂ 2020ರ ಜನವರಿ 3ರ ನಂತರದ ಅಪಘಾತಗಳಿಗೆ 15,000ದ ಮಿತಿಯಿದೆ. ಆದ್ದರಿಂದ 25,000 ಎಂದು ಉಬ್ಬಿಸಿ ಹೇಳಿ ನಂಬಿಕೆ ಕಳೆದುಕೊಳ್ಳುವುದರಲ್ಲಿ ಏನೂ ಲಾಭವಿಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ಅರ್ಥವಾಗದ ಪ್ರಶ್ನೆಗೆ ಇನ್ನೊಮ್ಮೆ ಕೇಳಿ ಎನ್ನಬಹುದು. ಪ್ರಶ್ನೆಯಲ್ಲಿ ಎರಡು ಸಂಗತಿ ಬೆರೆತಿದ್ದರೆ ಎರಡಕ್ಕೂ ಬೇರೆ ಬೇರೆ ಉತ್ತರ ಕೊಡಿ. ಟೈಪಾದ ಹೇಳಿಕೆಯನ್ನು ಸಹಿಗೆ ಮುನ್ನ ಓದಿ. ತಪ್ಪು ಕಂಡರೆ ಆಗಲೇ, ನ್ಯಾಯಾಧೀಶರಿಗೇ ಹೇಳಬೇಕು.

ಆಮೇಲೆ ವೈದ್ಯರ ಸರದಿ. ಹಳೆಯ ಕಾಯ್ದೆಯ 25ನೇ ಕಲಮಿನಲ್ಲಿ ಒಂದು ವಿಶೇಷವಿದೆ. ಬೇರೆ ಸಾಕ್ಷಿಗಳ ಮಾತಿನ ಸಾರಾಂಶ ಬರೆದರೆ ಸಾಕು, ವೈದ್ಯರ ಮಾತನ್ನು ಮಾತ್ರ ಆದಷ್ಟೂ ಪದಶಃ ದಾಖಲಿಸಬೇಕು. ಇದನ್ನು ನೆನಪಿಸಲು ವಕೀಲರು ಹಿಂಜರಿಯಬಾರದು. ‘ಮೂಳೆ ಕೂಡಿದೆ’ ಎಂಬ ವೈದ್ಯರ ಮಾತಿನ ಹಿಂದೆಯೇ ‘ಆದರೆ ಓರೆಯಾಗಿ ಕೂಡಿದೆ, ಆದ್ದರಿಂದ ಕೀಲು ಪೂರ್ತಿ ತಿರುಗದು’ ಎಂಬುದೂ ಇತ್ತೆಂದಾದರೆ ಎರಡನೆಯ ಭಾಗ ಬಿಟ್ಟುಹೋಗಬಾರದು. ಬಿಟ್ಟುಹೋದರೆ ಗಾಯ ವಾಸಿಯಾಗಿದೆ ಎಂಬ ಒಪ್ಪಿಗೆ ಮಾತ್ರ ಉಳಿಯುತ್ತದೆ. ವೈದ್ಯರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಈ ಕೆಲಸವನ್ನು, ಈ ಅಂಗದಿಂದ, ಮುಂಚಿನಂತೆ ಮಾಡಲು ಸಾಧ್ಯವೇ, ಇಲ್ಲವಾದರೆ ಯಾಕೆ?

ಇಷ್ಟು ಒತ್ತಿ ಹೇಳಲು ಕಾರಣವಿದೆ. ಮುಂದೆ ಹೈಕೋರ್ಟಿನಲ್ಲಿ ಸರಿಪಡಿಸಿಕೊಳ್ಳೋಣ ಎನ್ನುವಂತಿಲ್ಲ. 30ನೇ ಕಲಮಿನ ಪ್ರಕಾರ ಗಣನೀಯ ಕಾನೂನು ಪ್ರಶ್ನೆ ಇದ್ದರೆ ಮಾತ್ರ ಮೇಲ್ಮನವಿ, ಅದೂ 60 ದಿನದೊಳಗೆ. ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ 2016ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸಂಗತಿಗಳ ವಿಷಯದಲ್ಲಿ ಕಮಿಷನರ್ ಮಾತೇ ಕೊನೆಯದು ಎಂದು ಹೇಳಿ, ಹೈಕೋರ್ಟ್ ಇಳಿಸಿದ್ದ ಊನದ ಪ್ರಮಾಣವನ್ನು ಮತ್ತೆ ಎತ್ತಿಹಿಡಿಯಿತು. ಅಂದು ಅದು ಕಾರ್ಮಿಕರ ಪರವಾಗಿ ಬಂತು. ಕೆಳಗಿನ ಹಂತದಲ್ಲಿ ಸಾಕ್ಷ್ಯ ಸೊರಗಿದ್ದರೆ ಅದೇ ನಿಯಮ ವಿರುದ್ಧವೂ ಬರುತ್ತದೆ.

ಒಪ್ಪಂದದ ಒತ್ತಡ ಬರುವುದು ಹೆಚ್ಚಾಗಿ ವೈದ್ಯರ ಸಾಕ್ಷ್ಯಕ್ಕೆ ಮುಂಚೆ, ಲೋಕ ಅದಾಲತ್ ಹತ್ತಿರವಾದಾಗ. ಒಪ್ಪುವ ಮುನ್ನ ಬಡ್ಡಿಯನ್ನು ಲೆಕ್ಕ ಹಾಕಿ. ಪರಿಹಾರ ಸಲ್ಲಬೇಕಾದದ್ದು ಅಪಘಾತದ ದಿನವೇ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12ರ ಸರಳ ಬಡ್ಡಿ ಕೂಡುತ್ತದೆ. 5,61,546 ರೂಪಾಯಿಗೆ ವರ್ಷಕ್ಕೆ 67,385 ರೂಪಾಯಿ. ಮೂರು ವರ್ಷ ನಡೆದ ಮೊಕದ್ದಮೆಯಲ್ಲಿ ಬಡ್ಡಿಯೇ ಎರಡು ಲಕ್ಷ ದಾಟುತ್ತದೆ. ಸಕಾರಣವಿಲ್ಲದ ವಿಳಂಬಕ್ಕೆ ಮಾಲೀಕರ ಮೇಲೆ ಮೊತ್ತದ ಅರ್ಧದವರೆಗೆ ದಂಡವೂ ಬೀಳಬಹುದು. ಅದನ್ನು ವಿಮಾ ಕಂಪನಿ ತುಂಬುವುದಿಲ್ಲ, ಮಾಲೀಕರೇ ಕಟ್ಟಬೇಕು. ಆಸ್ಪತ್ರೆಯ ಖರ್ಚು ಪರಿಹಾರದಿಂದ ಪ್ರತ್ಯೇಕ; 2010ರಿಂದ ಅದರ ಮೂಲ ಬಿಲ್ಲುಗಳಿಗೂ ಹಣ ಸಿಗುತ್ತದೆ. ಹಕ್ಕು ಬಿಟ್ಟುಕೊಡುತ್ತೇನೆ ಎಂದು ಮಾಲೀಕರು ಬಿಳಿ ಹಾಳೆಯ ಮೇಲೆ ಬರೆಸಿಕೊಂಡ ಕಾಗದಕ್ಕೆ 17ನೇ ಕಲಮಿನಡಿ ಬೆಲೆಯಿಲ್ಲ. ಅಂಥ ಕಾಗದಕ್ಕೆ ಸಹಿ ಹಾಕಿದ್ದರೂ ಅರ್ಜಿ ಹಾಕಬಹುದು. ಹಾಕಿದ ಸಂಗತಿಯನ್ನು ವಕೀಲರಿಗೆ ಮೊದಲ ದಿನವೇ ತಿಳಿಸಿಬಿಡಿ.